ಚಿಕನ್ ಬಿಟ್ಟರೂ ತುರಿಕೆ ಬಿಟ್ಟಿಲ್ಲ ಡಾಕ್ಟ್ರೇ

ಪ್ರಶ್ನೆ (ಮಾಳಮಡ್ಡಿ, ಧಾರವಾಡ)

ಡಾಕ್ಟ್ರೇ, ನಮ್ಮ ಮನೆಯ ಲ್ಯಾಬ್ರಡಾರ್ ರಾಜಾನಿಗೆ 4 ವರ್ಷ, ತೂಕ 28 ಕೆ.ಜಿ. ಒಂದೂವರೆ ವರ್ಷದಿಂದ ಒಂದೇ ಸಮನೆ ತುರಿಕೆ. ಮುಂಗಾಲು ನೆಕ್ಕಿ ನೆಕ್ಕಿ ಬೆರಳ ಸಂದಿನ ಕೂದಲೆಲ್ಲ ತುಕ್ಕು ಬಣ್ಣಕ್ಕೆ ತಿರುಗಿದೆ. ಎರಡೂ ಕಿವಿ ಕೆಂಪು, ಒಂಥರಾ ಹುಳಿ ವಾಸನೆ. ಕಿವಿಗೆ ಔಷಧಿ ಹಾಕಿದರೆ 15 ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ದಿನಕ್ಕೆ 4-5 ಸಲ ಹೊರಗೆ ಹೋಗುತ್ತಾನೆ, ಗಟ್ಟಿ ಇರುವುದೇ ಅಪರೂಪ.

ಎಲ್ಲರೂ ‘ಚಿಕನ್ ಅಲರ್ಜಿ’ ಅಂದರು. 2 ತಿಂಗಳಿಂದ ಚಿಕನ್ ಪೂರ್ತಿ ಬಂದ್. ಏನೂ ವ್ಯತ್ಯಾಸ ಇಲ್ಲ. ಯಾರೋ ಹೇಳಿದರು ಅಂತ ಕೂದಲು ಕಳಿಸಿ ಅಲರ್ಜಿ ಪರೀಕ್ಷೆನೂ ಮಾಡಿಸಿದೆವು. ಉದ್ದದ ಪಟ್ಟಿ ಬಂತು. ಅದರಲ್ಲಿ ರಾಜಾ ಹುಟ್ಟಿದಾಗಿನಿಂದ ಮೂಸಿಯೂ ನೋಡದ ಬಾತುಕೋಳಿ ಇದೆ! ಇನ್ನು ಏನು ಹಾಕಬೇಕು, ಏನು ಬಿಡಬೇಕು, ತಲೆ ಕೆಟ್ಟುಹೋಗಿದೆ.

ಡಾಕ್ಟರ್

ಮೊದಲು ಆ ಪಟ್ಟಿಯನ್ನು ಹರಿದು ಹಾಕಿ. ಕೂದಲು, ಜೊಲ್ಲು ಕಳಿಸಿ ಮಾಡಿಸುವ ಆಹಾರ ಅಲರ್ಜಿ ಪರೀಕ್ಷೆಗಳನ್ನು ನಂಬಿ ಊಟ ಬದಲಿಸುವ ಹಾಗಿಲ್ಲ. ರಕ್ತಪರೀಕ್ಷೆಯೂ ಈ ವಿಷಯಕ್ಕೆ ಭರವಸೆಯದಲ್ಲ. ಆರೋಗ್ಯವಾಗಿರುವ ನಾಯಿಗೂ ‘ಪಾಸಿಟಿವ್’ ಬರುತ್ತದೆ. ಆಹಾರ ಅಲರ್ಜಿ ಹೌದೋ ಅಲ್ಲವೋ ಅಂತ ತಿಳಿಯಲು ಸದ್ಯಕ್ಕೆ ಇರುವುದು ಒಂದೇ ದಾರಿ, ಪಥ್ಯ ಮಾಡಿಸಿ ನೋಡುವುದು. ಅದಕ್ಕೆ ಆಮೇಲೆ ಬರುತ್ತೇನೆ.

ವರ್ಷವಿಡೀ ತುರಿಕೆ, ಪದೇ ಪದೇ ಕಿವಿ ಸೋಂಕು, ಜೊತೆಗೆ ಹೊಟ್ಟೆಯ ತೊಂದರೆ. ಈ ಮೂರೂ ಒಟ್ಟಿಗೆ ಇದ್ದರೆ ಊಟದ ಮೇಲೆ ಅನುಮಾನ ಪಡುವುದು ಸರಿ. ಆದರೆ ನನ್ನ ಟೇಬಲ್ ಮೇಲೆ ತುರಿಸಿಕೊಳ್ಳುತ್ತಾ ಬಂದು ನಿಲ್ಲುವ ನಾಯಿಗಳಲ್ಲಿ ಊಟದ ಅಲರ್ಜಿ ಇರುವವು ಕಡಿಮೆ. ಚಿಗಟ, ಉಣ್ಣಿ, ಕಜ್ಜಿ ಹುಳ, ಧೂಳು-ಪರಾಗದ ಅಲರ್ಜಿ, ಇವೇ ಜಾಸ್ತಿ. ಪಾಪದ ಕೋಳಿಗೆ ಸುಮ್ನೆ ಕೆಟ್ಟ ಹೆಸರು.

ಹಾಗಾಗಿ ಮೂರು ಪ್ರಶ್ನೆ.

ಚಿಗಟ ನೋಡಿದ್ದೀರಾ? ‘ನಮ್ಮ ನಾಯಿಗೆ ಇಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಒದ್ದೆ ಮಾಡಿದ ಬಿಳಿ ಕಾಗದ ನೆಲಕ್ಕೆ ಹಾಸಿ, ಬಾಲದ ಬುಡದ ಹತ್ತಿರ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಕರಿ ಪುಡಿ ಉದುರಿ, ಒದ್ದೆ ಕಾಗದದ ಮೇಲೆ ಅದರ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಕೆಂಪು ಅಂದರೆ ನಿಮ್ಮ ರಾಜಾನದೇ ರಕ್ತ.

ಮಳೆಗಾಲದಲ್ಲಿ ಜಾಸ್ತಿ ಆಗುತ್ತದಾ? ಧಾರವಾಡದ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಪಾದ ಒಣಗುವುದೇ ಇಲ್ಲ. ಬೆರಳ ಸಂದಿಯಲ್ಲಿ ಬೂಷ್ಟು ಬೆಳೆಯುತ್ತದೆ. ಮಳೆ ನಿಂತ ಮೇಲೆ ಖಾಲಿ ಸೈಟ್ ತುಂಬ ಕಾಂಗ್ರೆಸ್ ಕಸ. ಅದರಲ್ಲಿ ಓಡಾಡಿ ಬಂದು ಹೊಟ್ಟೆ, ತೊಡೆ ಕೆಂಪಾದರೆ ಊಟವನ್ನು ಬೈದು ಉಪಯೋಗ ಇಲ್ಲ.

ಮೂರನೆಯದು ಮುಖ್ಯ. ನಾಳೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ರಾಜಾನ ಬಾಯಿಗೆ ಏನೇನು ಹೋಯಿತು, ಯಾರು ಕೊಟ್ಟರು, ಎಲ್ಲಾ ಒಂದು ಹಾಳೆಯಲ್ಲಿ ಬರೆಯಿರಿ. ಯಾರನ್ನೂ ಬೈಯಬೇಡಿ, ತಡೆಯಬೇಡಿ. ಸುಮ್ನೆ ಬರೆಯಿರಿ.

ಪ್ರಶ್ನೆ ಕೇಳಿದವರು

ಬರೆದೆ ಡಾಕ್ಟ್ರೇ. ನಾಚಿಕೆ ಆಗುತ್ತಿದೆ.

ಬೆಳಗ್ಗೆ 6ಕ್ಕೆ ಅಜ್ಜನ ಚಹಾದ ಜೊತೆ 2 ಗ್ಲೂಕೋಸ್ ಬಿಸ್ಕಿಟ್. 8ಕ್ಕೆ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ. ಮಗಳ ಟಿಫಿನ್‌ನಲ್ಲಿ ಉಳಿದ ಚಪಾತಿ ಚೂರು. ಮಧ್ಯಾಹ್ನ ಪ್ಯಾಕೆಟ್ ಡಾಗ್ ಫುಡ್ (ಈಗ ನಿಮ್ಮ ಮಾತು ಓದಿ ಹಿಂದೆ ನೋಡಿದೆ, ‘ಲ್ಯಾಂಬ್’ ಅಂತ ಮುಂದೆ ದೊಡ್ಡದಾಗಿ ಬರೆದಿದೆ, ಹಿಂದೆ ಸಣ್ಣಕ್ಷರದಲ್ಲಿ ಕೋಳಿ ಪುಡಿ, ಕೋಳಿ ಕೊಬ್ಬು, ಗೋಧಿ). ಮೊಸರನ್ನ, ಎರಡು ತುತ್ತು. ಸಂಜೆ ಪಕ್ಕದ ಮನೆಯವರು ಕಂಪೌಂಡ್ ಮೇಲಿಂದ ಹಾಕುವ ಬ್ರೆಡ್. ಅಜ್ಜನ ವಾಕಿಂಗ್ ಗೆಳೆಯರು ಕೊಟ್ಟ ಗಿರ್ಮಿಟ್. ರಾತ್ರಿ ಮತ್ತೆ ಹಾಲು-ರೊಟ್ಟಿ. ಮಾತ್ರೆ ಕೊಡಲು ಅರ್ಧ ಪೇಡೆ. ಪೇಡೆ ಇಲ್ಲದೆ ಮಾತ್ರೆ ನುಂಗುವುದಿಲ್ಲ ಅವನು.

ಚಿಗಟದ ಪರೀಕ್ಷೆ ಮಾಡಿದೆ, ಏನೂ ಬೀಳಲಿಲ್ಲ. ತಿಂಗಳಿಗೊಮ್ಮೆ ಉಣ್ಣಿಗೆ ಅಗಿಯುವ ಮಾತ್ರೆ ಕೊಡುತ್ತೇವೆ. ತುರಿಕೆ ಬೇಸಿಗೆಯಲ್ಲೂ ಇರುತ್ತದೆ.

ಡಾಕ್ಟರ್

ನಾಚಿಕೆ ಬೇಡ. ಧಾರವಾಡದಲ್ಲಿ ನಾಯಿಗೆ ಪೇಡೆಯಲ್ಲಿ ಮಾತ್ರೆ ಇಡುವ ಮನೆ ನಿಮ್ಮದೊಂದೇ ಅಲ್ಲ.

ಈಗ ನೋಡಿ, ನೀವು ಚಿಕನ್ ಬಿಡಿಸಿಯೇ ಇಲ್ಲ. ಪ್ಯಾಕೆಟ್‌ನಲ್ಲಿ ದಿನಾ ಹೋಗುತ್ತಿತ್ತು. ಇನ್ನು ಅಲರ್ಜಿ ಕೋಳಿಗೇ ಅಂತ ಹೇಳಿದವರು ಯಾರು? ಹೊರದೇಶದ ವರದಿಗಳನ್ನು ಒಟ್ಟು ಮಾಡಿ ನೋಡಿದರೆ ನಾಯಿಗಳಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ, ಈ ನಾಲ್ಕು ಹೆಸರು ಮುಂದಿವೆ. ಮೊದಲನೆಯದನ್ನು ಬಿಟ್ಟು ಉಳಿದ ಮೂರೂ ನಿಮ್ಮ ಹಾಳೆಯಲ್ಲಿವೆ. ಒಂದು ಮಾತು ನೆನಪಿಡಿ. ಅಲರ್ಜಿ ಬರುವುದು ಹೊಸದಾಗಿ ತಿಂದದ್ದಕ್ಕೆ ಅಲ್ಲ. ತಿಂಗಳು, ವರ್ಷಗಟ್ಟಲೆ ತಿನ್ನುತ್ತಾ ಬಂದದ್ದಕ್ಕೇ ಒಂದು ದಿನ ಮೈ ತಿರುಗಿ ಬೀಳುತ್ತದೆ. ‘ಮರಿ ಇದ್ದಾಗಿನಿಂದ ತಿಂದಿದೆ, ಈಗ್ಯಾಕೆ ಆಗುತ್ತದೆ’ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಕಿವಿ ಮತ್ತು ಪಾದದ ಸೋಂಕಿಗೆ ಪೂರ್ತಿ ಚಿಕಿತ್ಸೆ ಮಾಡಿಸಿ. ಕಿವಿಯ ಕೊಳೆಯನ್ನು ಸ್ಲೈಡ್ ಮೇಲೆ ಒತ್ತಿ ಮೈಕ್ರೋಸ್ಕೋಪ್‌ನಲ್ಲಿ ನೋಡಲು ಹೇಳಿ, ಬೂಷ್ಟೋ ಬ್ಯಾಕ್ಟೀರಿಯಾವೋ ಅಲ್ಲೇ ಗೊತ್ತಾಗುತ್ತದೆ. ಸೋಂಕು ಉಳಿದರೆ ಯಾವ ಪಥ್ಯ ಮಾಡಿದರೂ ತುರಿಕೆ ನಿಲ್ಲುವುದಿಲ್ಲ, ಆಮೇಲೆ ನೀವು ಪಥ್ಯವನ್ನು ಬೈಯುತ್ತೀರಿ.

ಇನ್ನು ಪಥ್ಯ. ರಾಜಾ ಈವರೆಗೆ ತಿನ್ನದ ಒಂದು ಪ್ರೋಟೀನ್, ತಿನ್ನದ ಒಂದು ಪಿಷ್ಟ. ನಿಮ್ಮ ಮನೆಯಲ್ಲಿ ಮೀನು ತರುತ್ತೀರಾ? ಆಲೂಗಡ್ಡೆ ಕೊಟ್ಟಿದ್ದೀರಾ?

ಪ್ರಶ್ನೆ ಕೇಳಿದವರು

ಮೀನು ಇಲ್ಲವೇ ಇಲ್ಲ. ಆಲೂ ಪಲ್ಯ ಅವನಿಗೆ ಯಾವತ್ತೂ ಹಾಕಿಲ್ಲ, ಈರುಳ್ಳಿ ಇರುತ್ತದೆ ಅಂತ. ಮೀನು ಅಂದರೆ ಬಂಗಡೆ ತರಲಾ?

ಡಾಕ್ಟರ್

ಬಂಗಡೆ ಬೇಡ. ಕಾರವಾರದ ಕಡೆಯಿಂದ ಬಂದು ಐಸ್ ಕರಗಿ ಮತ್ತೆ ಐಸ್ ಬಿದ್ದು ಇಲ್ಲಿಗೆ ತಲುಪುವಷ್ಟರಲ್ಲಿ ಹಳೆಯದಾಗಿದ್ದರೆ ಅಂಥ ಮೀನಿನಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಕೂಡಿಕೊಂಡಿರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಅದರಿಂದಲೇ ಮೈ ಕೆಂಪಾದರೆ ನಮ್ಮ ಲೆಕ್ಕವೇ ತಪ್ಪುತ್ತದೆ. ಕೆರೆ ಮೀನು ತನ್ನಿ, ರೋಹು ಅಥವಾ ಕಟ್ಲಾ, ಯಾವುದಾದರೂ ಒಂದೇ.

28 ಕೆ.ಜಿ.ಯ, ಸ್ವಲ್ಪ ದಪ್ಪಗಿರುವ ಲ್ಯಾಬ್ ಅಂತ ಇಟ್ಟುಕೊಂಡರೆ ದಿನಕ್ಕೆ ಸುಮಾರು 1200 ಕ್ಯಾಲರಿ ಸಾಕು. ಮುಳ್ಳು ತೆಗೆದ ಮೀನು 400 ಗ್ರಾಂ, ಸಿಪ್ಪೆ ತೆಗೆದ ಆಲೂಗಡ್ಡೆ 800 ಗ್ರಾಂ, ಸೂರ್ಯಕಾಂತಿ ಎಣ್ಣೆ ಒಂದೂವರೆ ದೊಡ್ಡ ಚಮಚ. ತೂಕ ಎಲ್ಲಾ ಬೇಯಿಸುವ ಮುಂಚಿನದು. ಎರಡು ಹೊತ್ತಿಗೆ ಹಂಚಿ. ಆಲೂಗಡ್ಡೆ ಹಸಿರಾಗಿದ್ದರೆ, ಮೊಳಕೆ ಬಂದಿದ್ದರೆ ಬಿಸಾಕಿ. ಉಪ್ಪು, ಅರಿಶಿನ, ಒಗ್ಗರಣೆ ಯಾವುದೂ ಬೇಡ. ಮೀನು ಬೆಂದ ಮೇಲೆ ಕೈಯಿಂದ ಹಿಸುಕಿ ಮುಳ್ಳು ಹುಡುಕಿ, ಕಣ್ಣನ್ನು ನಂಬಬೇಡಿ. ಹಳೇ ಊಟದಿಂದ ಇದಕ್ಕೆ 4-5 ದಿನದಲ್ಲಿ ನಿಧಾನಕ್ಕೆ ಬದಲಿಸಿ. 15 ದಿನಕ್ಕೊಮ್ಮೆ ತೂಕ ನೋಡಿ, ಇಳಿದರೂ ಏರಿದರೂ ಅಳತೆ ಬದಲಿಸೋಣ.

ಇದು ಪರಿಪೂರ್ಣ ಊಟ ಅಲ್ಲ. ಕ್ಯಾಲ್ಸಿಯಂ ಕಡಿಮೆ, ಇನ್ನೂ ಕೆಲವು ಕಡಿಮೆ. ದೊಡ್ಡ ನಾಯಿಗೆ ಎರಡು ತಿಂಗಳು ನಡೆಯುತ್ತದೆ, ಮರಿಗಳಿಗೆ ಖಂಡಿತ ನಡೆಯುವುದಿಲ್ಲ. ಸುವಾಸನೆ ಸೇರಿಸದ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟು ಅಂತ ನಿಮ್ಮ ಡಾಕ್ಟರ್ ಬರೆದುಕೊಡುತ್ತಾರೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕುವ ಅಭ್ಯಾಸ ಕೆಲವರಿಗಿದೆ, ಪಥ್ಯದಲ್ಲಿ ಅದು ಬೇಡ. ಸಿಪ್ಪೆಗೆ ಮೊಟ್ಟೆ ಅಂಟಿರುತ್ತದೆ.

ಅಡುಗೆ ರಗಳೆ ಬೇಡ ಅನ್ನುವವರಿಗೆ ಹೈಡ್ರೊಲೈಸ್ಡ್ ಪ್ರೋಟೀನ್ ಊಟ ಅಂತ ಸಿಗುತ್ತದೆ. ಪ್ರೋಟೀನನ್ನು ಮೈಗೆ ಗುರುತೇ ಸಿಗದಷ್ಟು ಸಣ್ಣ ತುಂಡು ಮಾಡಿರುತ್ತಾರೆ. ದುಬಾರಿ, ಆದರೆ ಪೋಷಣೆಯ ಲೆಕ್ಕ ಸರಿ ಇರುತ್ತದೆ. ಡಾಕ್ಟರ್ ಚೀಟಿಯ ಮೇಲೆ ಬರುವಂಥದ್ದೇ ತರಬೇಕು. ಅಂಗಡಿಯಲ್ಲಿ ಸಿಗುವ ‘ಒಂದೇ ಪ್ರೋಟೀನ್’ ಪ್ಯಾಕೆಟ್‌ಗಳನ್ನು ಪರೀಕ್ಷೆ ಮಾಡಿದಾಗ, ಲೇಬಲ್‌ನಲ್ಲಿ ಇಲ್ಲದ ಪ್ರಾಣಿಗಳ ಪ್ರೋಟೀನ್ ಸಿಕ್ಕಿದ್ದು ಎಷ್ಟೋ ಸಲ.

ಅವಧಿ 8 ವಾರ. ಊಟದ ಅಲರ್ಜಿ ಇರುವ ನಾಯಿಗಳಲ್ಲಿ 100ಕ್ಕೆ 80 ನಾಯಿಗಳು 5 ವಾರದೊಳಗೆ ಸುಧಾರಿಸುತ್ತವೆ, 90 ನಾಯಿಗಳು 8 ವಾರದೊಳಗೆ. ಎರಡೇ ವಾರ ಮಾಡಿ ‘ಏನೂ ಆಗಲಿಲ್ಲ’ ಅಂತ ಬಿಟ್ಟವರೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ.

ಆ ಉಣ್ಣಿ ಮಾತ್ರೆ ಹೇಳಿದಿರಲ್ಲ, ನಾಯಿ ಇಷ್ಟಪಟ್ಟು ಅಗಿಯಲಿ ಅಂತ ಅಂಥವಕ್ಕೆ ಮಾಂಸದ ರುಚಿ ಸೇರಿಸಿರುತ್ತಾರೆ. ಈ ಎರಡು ತಿಂಗಳು ಬೆನ್ನ ಮೇಲೆ ಹಾಕುವ ಹನಿ ಔಷಧಿಗೆ ಬದಲಿಸಿ. ಮೀನೆಣ್ಣೆ ಕ್ಯಾಪ್ಸೂಲ್‌ನ ಹೊರಗವಚವೂ ಹೆಚ್ಚಾಗಿ ಪ್ರಾಣಿಗಳ ಜೆಲಾಟಿನ್. ರುಚಿ ಇರುವ ಟೂತ್‌ಪೇಸ್ಟ್, ಅಗಿಯುವ ಕೋಲು, ಎಲ್ಲಾ ಬಂದ್. ಮಾತ್ರೆಯನ್ನು ಬೆಂದ ಆಲೂಗಡ್ಡೆ ಉಂಡೆಯಲ್ಲಿ ಇಡಿ.

ಮತ್ತೆ ಅಜ್ಜ. ಅವರನ್ನು ಒಪ್ಪಿಸುವುದು ನಿಮ್ಮ ಕೆಲಸ, ನನ್ನ ಕೈಯಲ್ಲಿ ಆಗುವುದಿಲ್ಲ. ಒಂದು ಉಪಾಯ ಹೇಳುತ್ತೇನೆ. ಬೆಂದ ಆಲೂಗಡ್ಡೆ ತೆಳ್ಳಗೆ ಕತ್ತರಿಸಿ ಒಲೆಯಲ್ಲಿ ಒಣಗಿಸಿ ಡಬ್ಬಿ ತುಂಬಿ ಅಜ್ಜನ ಚಹಾದ ಪಕ್ಕ ಇಡಿ. ಕೊಡುವ ಖುಷಿ ಅವರಿಗೆ ಬೇಕು, ಬಿಸ್ಕಿಟ್ಟೇ ಆಗಬೇಕು ಅಂತಿಲ್ಲ.

ಕೇಶ್ವಾಪುರ, ಹುಬ್ಬಳ್ಳಿಯಿಂದ ಒಬ್ಬರು

ನಮ್ಮದು ಪೂರ್ತಿ ಸಸ್ಯಾಹಾರಿ ಮನೆ, ಮೀನು ಮನೆಯೊಳಗೆ ತರುವ ಹಾಗಿಲ್ಲ. ನಮಗೆ ಏನು ದಾರಿ?

ಡಾಕ್ಟರ್

ಸೋಯಾ ಯಾವತ್ತೂ ತಿಂದಿಲ್ಲ ಅಂದರೆ ಸೋಯಾ ಚಂಕ್ಸ್ ಮತ್ತು ಗೆಣಸು ಇಟ್ಟು ಪ್ರಯತ್ನ ಮಾಡಬಹುದು, ಆದರೆ ಅಳತೆಯನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಮಾಡಿ. ಹೈಡ್ರೊಲೈಸ್ಡ್ ಊಟಗಳಲ್ಲಿ ಸೋಯಾದಿಂದ ಮಾಡಿದವೂ ಇವೆ, ನಿಮಗೆ ಅದು ಸುಲಭ. ಹಾಲು, ಮೊಸರು, ಪನೀರ್ ಮೇಲೆ ಬೆಳೆದ ನಾಯಿಗೆ ಪಥ್ಯದಲ್ಲೂ ಪನೀರ್ ಕೊಡಬೇಡಿ. ಸಸ್ಯಾಹಾರಿ ಮನೆಗಳಲ್ಲಿ ಇದೇ ತಪ್ಪು ಪದೇ ಪದೇ ನೋಡುತ್ತೇನೆ.

ಬೆಟಗೇರಿ, ಗದಗದಿಂದ ಒಬ್ಬರು

ಗ್ರೇನ್ ಫ್ರೀ (ಧಾನ್ಯ ಇಲ್ಲದ ಡಾಗ್ ಫುಡ್) ಹಾಕಿದರೆ ಎಲ್ಲಾ ಸರಿ ಹೋಗುತ್ತದೆ ಅಂತಾರಲ್ಲ? ಅಮೆರಿಕಾದಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರಂತೆ.

ಡಾಕ್ಟರ್

ಅದೇ ಅಮೆರಿಕಾದಲ್ಲಿ 2018ರ ಜುಲೈನಲ್ಲಿ ಅಲ್ಲಿನ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಬಟಾಣಿ, ಬೇಳೆ, ಆಲೂಗಡ್ಡೆಯೇ ಮುಖ್ಯವಾಗಿರುವ ಊಟ ತಿನ್ನುವ ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ವರದಿಯಾಗುತ್ತಿದೆ, ತನಿಖೆ ಮಾಡುತ್ತಿದ್ದೇವೆ ಅಂತ. ಕಾರಣ ಇದೇ ಅಂತ ಸಾಬೀತಾಗಿಲ್ಲ. ನಾನು ಮೇಲೆ ಹೇಳಿದ ಆಲೂಗಡ್ಡೆಯೂ ಎರಡು ತಿಂಗಳ ಪರೀಕ್ಷೆಗೆ ಮಾತ್ರ, ಜೀವನಪೂರ್ತಿ ಅಲ್ಲ. ನಾಯಿಗಳಿಗೆ ಧಾನ್ಯಕ್ಕಿಂತ ಪ್ರಾಣಿಜನ್ಯ ಪ್ರೋಟೀನ್‌ಗೇ ಅಲರ್ಜಿ ಜಾಸ್ತಿ. ನಮ್ಮ ಜೋಳ ಏನು ಪಾಪ ಮಾಡಿದೆ?

ಅಂದಹಾಗೆ ನಿಮ್ಮ ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಚರ್ಮದ ತೊಂದರೆ ವರ್ಷಗಟ್ಟಲೆ ಎಳೆದರೆ ಒಮ್ಮೆ ಅಲ್ಲಿ ವಿಚಾರಿಸಿ.

ರಾಣೆಬೆನ್ನೂರಿನಿಂದ ಒಬ್ಬರು

3 ತಿಂಗಳ ಮುಧೋಳ ಮರಿ. ಹಾಲು ಕುಡಿದರೆ ತೆಳ್ಳಗೆ ಭೇದಿ. ಇದೂ ಅಲರ್ಜಿನಾ? ತುರಿಕೆ ಇಲ್ಲ.

ಡಾಕ್ಟರ್

ಇರಲಿಕ್ಕಿಲ್ಲ. ತಾಯಿ ಹಾಲು ಬಿಟ್ಟ ಮೇಲೆ ಮರಿಗಳಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆಯಾಗುತ್ತದೆ. ಅದು ಅಜೀರ್ಣ. ಹಾಲು ನಿಲ್ಲಿಸಿ, ಮರಿಗಳಿಗೆಂದೇ ಇರುವ ಊಟ ಕೊಡಿ. ಎರಡು ದಿನದಲ್ಲಿ ನಿಲ್ಲದಿದ್ದರೆ, ರಕ್ತ ಕಂಡರೆ, ವಾಂತಿ ಆದರೆ, ಮರಿ ಮಂಕಾದರೆ ಕಾಯಬೇಡಿ. ಈ ವಯಸ್ಸಿನಲ್ಲಿ ಪಾರ್ವೋ (ಮರಿಗಳ ಜೀವಕ್ಕೇ ಕುತ್ತು ತರುವ ವೈರಸ್ ಸೋಂಕು) ಇದೆ, ಜಂತು ಇದೆ. ಲಸಿಕೆ ಆಗಿದೆಯಾ? ಮುಧೋಳ ನಾಯಿ ಹುಟ್ಟಾ ಸಣಕಲು, ಪಕ್ಕೆ ಕಾಣುತ್ತದೆ ಅಂತ ಹಾಲು ಸುರಿಯುವುದು ಬೇಡ.

ನವನಗರ, ಹುಬ್ಬಳ್ಳಿಯಿಂದ ಒಬ್ಬರು

ಎಲ್ಲಾ ಸರಿ ಡಾಕ್ಟ್ರೇ, ಆದ್ರ ನಮ್ಮ ಅಪ್ಪ ಕೇಳ್ತಾರ, ನಾಯಿಗೂ ಪಥ್ಯಾನ? ಮೊದಲೆಲ್ಲ ರೊಟ್ಟಿ ತಿಂದು ಆರಾಮ ಇದ್ದವಲ್ಲ ಅಂತ.

ಡಾಕ್ಟರ್

ಆರಾಮ ಇದ್ದವು ಕಣ್ಣಿಗೆ ಕಂಡವು. ತುರಿಸಿ ತುರಿಸಿ ಕೂದಲು ಉದುರಿದ್ದನ್ನು ‘ಹುರುಕು’ ಅಂತ ಕರೆದು ಓಣಿಯಿಂದ ಓಡಿಸುತ್ತಿದ್ದರು, ಅಪ್ಪನಿಗೆ ನೆನಪಿರಬಹುದು. ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೆಚ್ಚಿನ ನಾಯಿಗಳಿಗೆ ಪಥ್ಯ ಬೇಕಾಗಿಯೇ ಇಲ್ಲ.

ವಿದ್ಯಾನಗರ, ಹುಬ್ಬಳ್ಳಿಯಿಂದ ಒಬ್ಬರು

ನಮ್ಮ ನಾಯಿಗೆ ನಿನ್ನೆ ಅರ್ಧ ಗಂಟೆಯಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಯಿತು. ಏನು ಪಥ್ಯ ಮಾಡಲಿ?

ಡಾಕ್ಟರ್

ಇದು ಬೇರೆ ವಿಷಯ. ಜೇನುಹುಳ, ಕೀಟ, ಹೊಸ ಔಷಧಿ, ಲಸಿಕೆ, ಏನೋ ಒಂದು ಇರಬೇಕು. ಮತ್ತೆ ಹಾಗಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಓಡಿ. ಉಸಿರು ಕಟ್ಟುವುದು, ವಾಂತಿ, ಒಸಡು ಬಿಳಿಚಿಕೊಳ್ಳುವುದು ಕಂಡರೆ ನಿಮಿಷಗಳ ಲೆಕ್ಕ.

ಪ್ರಶ್ನೆ ಕೇಳಿದವರು (6 ವಾರದ ನಂತರ)

ಡಾಕ್ಟ್ರೇ, ತುರಿಕೆಗೆ ವಾರಕ್ಕೊಮ್ಮೆ 10ಕ್ಕೆ ಅಂಕ ಕೊಡುತ್ತಾ ಬಂದೆವು. ಶುರುವಿನಲ್ಲಿ 8 ಇತ್ತು. 3ನೇ ವಾರ 7, ಬಿಟ್ಟುಬಿಡೋಣ ಅನಿಸಿತ್ತು. ಈಗ 3. ಕಿವಿ ಒಣಗಿದೆ. ದಿನಕ್ಕೆ ಎರಡೇ ಸಲ ಹೊರಗೆ ಹೋಗುತ್ತಾನೆ. ಪಕ್ಕದ ಮನೆಯವರಿಗೆ ಕೈಮುಗಿದು ಹೇಳಿದ್ದಾಯಿತು. ಗೇಟಿಗೆ ‘ರಾಜಾ ಪಥ್ಯದಲ್ಲಿದ್ದಾನೆ’ ಅಂತ ಮಗಳು ಬೋರ್ಡ್ ಬರೆದು ಹಾಕಿದ್ದಾಳೆ. ಹಾಗಾದರೆ ಇನ್ನು ಮೀನೇ ಗಟ್ಟಿನಾ?

ಡಾಕ್ಟರ್

ಇಲ್ಲ, ಅರ್ಧ ದಾರಿ ಬಂದಿದ್ದೀರಿ. ಕಡಿಮೆಯಾದದ್ದು ಊಟದಿಂದಲೋ, ಕಿವಿ ಚಿಕಿತ್ಸೆಯಿಂದಲೋ, ಹವೆ ಬದಲಾದದ್ದರಿಂದಲೋ ಹೇಗೆ ಹೇಳುವುದು? 8 ವಾರ ಮುಗಿಸಿ. ಆಮೇಲೆ ಹಳೇ ಊಟ ಪೂರ್ತಿ ವಾಪಸ್ ಕೊಡಿ. ಗಿರ್ಮಿಟ್ ಬಿಟ್ಟು, ಅದರಲ್ಲಿ ಈರುಳ್ಳಿ ಇದೆ, ಈರುಳ್ಳಿ-ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಅಲರ್ಜಿ ಇದ್ದರೆ ಸಾಮಾನ್ಯವಾಗಿ 14 ದಿನದೊಳಗೆ ತುರಿಕೆ ವಾಪಸ್ ಬರುತ್ತದೆ. ಬಂದ ಕೂಡಲೇ ಮೀನಿಗೆ ಮರಳಿ, ಶಾಂತವಾದ ಮೇಲೆ ಒಂದೊಂದೇ ಪದಾರ್ಥ ಸೇರಿಸಿ. ಒಂದಕ್ಕೆ ಎರಡು ವಾರ. ಈ ಹಂತಕ್ಕೆ ಬಂದಾಗ ಹತ್ತರಲ್ಲಿ ಒಂಬತ್ತು ಮನೆಯವರು ‘ಆರಾಮಾಗಿದ್ದಾನಲ್ಲ, ಸಾಕು’ ಅಂತ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು (ಮತ್ತೆ ಎರಡೂವರೆ ತಿಂಗಳ ನಂತರ)

ಹಳೇ ಊಟ ಕೊಟ್ಟ 5ನೇ ದಿನ ಕಿವಿ ಕೆಂಪು. ಮೀನಿಗೆ ಮರಳಿದ ಮೇಲೆ 10 ದಿನದಲ್ಲಿ ಇಳಿಯಿತು. ಆಮೇಲೆ ಬರೀ ಬೇಯಿಸಿದ ಕೋಳಿ ಸೇರಿಸಿದೆವು, 14 ದಿನ, ಏನೂ ಇಲ್ಲ! ಚಪಾತಿ, ಏನೂ ಇಲ್ಲ. ಜೋಳದ ರೊಟ್ಟಿ, ಏನೂ ಇಲ್ಲ. ಹಾಲು ಅರ್ಧ ಲೋಟ ಶುರು ಮಾಡಿದ 3ನೇ ರಾತ್ರಿ ಪಾದ ನೆಕ್ಕುವ ಸದ್ದಿಗೆ ನನಗೇ ಎಚ್ಚರ ಆಯಿತು. ಬೆಳಗ್ಗೆ ತೆಳ್ಳಗೆ ಹೋದ.

ಅಜ್ಜ ಒಂದು ಹೊತ್ತು ಮಾತಾಡಲಿಲ್ಲ. ನಾಲ್ಕು ವರ್ಷ ಹಾಲು-ರೊಟ್ಟಿ ಕಲಸಿ ಹಾಕಿದವರು ಅವರೇ. ಈಗ ಕೇಳುತ್ತಿದ್ದಾರೆ, ಪ್ಯಾಕೆಟ್ ಹಾಲು ಆಗದಿದ್ದರೆ ಮನೆ ಹತ್ತಿರ ಎಮ್ಮೆ ಹಾಲು ಸಿಗುತ್ತದೆ, ಅದು ಕೊಡಬಹುದಾ ಅಂತ.

ಡಾಕ್ಟರ್

ಧಾರವಾಡಿ ಎಮ್ಮೆ ಮೇಲೆ ಅಜ್ಜನಿಗೆ ಇರುವ ಅಭಿಮಾನ ನನಗೂ ಇದೆ. ಆದರೆ ಆಕಳು, ಎಮ್ಮೆ, ಆಡು, ಈ ಮೂರರ ಹಾಲಿನ ಪ್ರೋಟೀನ್ ಒಂದಕ್ಕೊಂದು ಬಹಳ ಹತ್ತಿರ. ರಾಜಾನ ಮೈ ಭೇದ ಮಾಡುವುದಿಲ್ಲ. ಮೊಸರು, ಮಜ್ಜಿಗೆ, ಪನೀರ್, ಪೇಡೆ ಎಲ್ಲಾ ಅದೇ ಲೆಕ್ಕ. ತುಪ್ಪದಲ್ಲೂ ಚೂರು ಉಳಿದಿರುತ್ತದೆ, ಬೇಡ. ಗ್ಲೂಕೋಸ್ ಬಿಸ್ಕಿಟ್ ಹಿಂದೆ ಓದಿ, ಹಾಲಿನ ಪುಡಿ ಇರುತ್ತದೆ. ಹಾಲಿಗೆ ಆಗದ ಕೆಲವು ನಾಯಿಗಳಿಗೆ ದನದ ಮಾಂಸವೂ ಆಗುವುದಿಲ್ಲ, ಪ್ಯಾಕೆಟ್ ಕೊಳ್ಳುವಾಗ ‘ಬೀಫ್’ ಇದೆಯಾ ನೋಡಿ.

ಉಳಿದ 3 ಅಂಕದ ತುರಿಕೆಗೆ ಧೂಳು-ಪರಾಗ ಕಾರಣ ಇರಬಹುದು. ಎರಡೂ ಅಲರ್ಜಿ ಒಟ್ಟಿಗೆ ಇರುವ ನಾಯಿಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ವಾಕಿಂಗ್ ಮುಗಿಸಿ ಬಂದ ಕೂಡಲೇ ಪಾದ ತೊಳೆದು ಬೆರಳ ಸಂದಿ ಒರೆಸಿ. ಮೀನು-ಆಲೂಗಡ್ಡೆ ಇನ್ನು ನಿಲ್ಲಿಸಿ, ಹಾಲಿನ ಅಂಶ ಇಲ್ಲದ ಪರಿಪೂರ್ಣ ಡಾಗ್ ಫುಡ್‌ಗೆ ನಿಧಾನಕ್ಕೆ ಬನ್ನಿ. ಕೋಳಿ ಇರಲಿ, ಪರವಾಗಿಲ್ಲ.

ಅಜ್ಜನಿಗೆ ಹೇಳಿ, ರೊಟ್ಟಿ ಕಲಸುವುದನ್ನು ಅವರು ಬಿಡಬೇಕಿಲ್ಲ. ಅರ್ಧ ರೊಟ್ಟಿ, ಉಪ್ಪು-ಈರುಳ್ಳಿ ಹಾಕದೆ ಕೋಳಿ ಬೇಯಿಸಿದ ನೀರು, ಹತ್ತು ನಿಮಿಷ ನೆನೆಯಬೇಕು. ಬೆಳಗ್ಗೆ 8ಕ್ಕೇ ಹಾಕಲಿ, ಅದೇ ತಾಟಿನಲ್ಲಿ.